ಚಿಕ್ಕಮಗಳೂರಿನ ಕಾರ್ಬ್ಯುರೇಟರ್ ಡಾಕ್ಟರು

ಕಾರ್ಬ್ಯುರೇಟರ್ (ಗಾಳಿಗೆ ಪೆಟ್ರೋಲ್ ಬೆರೆಸಿ ಇಂಜಿನ್ನಿಗೆ ಕೊಡುವ ಭಾಗ) ಇರುವ ಹಳೇ ರಾಯಲ್ ಎನ್‌ಫೀಲ್ಡ್ ಬೈಕ್ ಇಟ್ಟುಕೊಂಡವರು ಚಿಕ್ಕಮಗಳೂರು ಮಾರ್ಕೆಟ್ ರಸ್ತೆಯ ಒಳಗಲ್ಲಿಯಲ್ಲಿರುವ ಈ ಒಂದೇ ಶಟರಿನ ಗ್ಯಾರೇಜಿಗೆ ಧೈರ್ಯವಾಗಿ ಹೋಗಬಹುದು. ಐದಕ್ಕೆ ಐದು ಕೊಡುತ್ತೇನೆ.

ನನ್ನದು 2014ರ ಕ್ಲಾಸಿಕ್ 350. ಸ್ಟಾರ್ಟಿಂಗ್ ಸರಿ, ಐಡಲಿಂಗ್ (ನಿಂತಲ್ಲೇ ಇಂಜಿನ್ ಓಡುವುದು) ಸರಿ, ಊರೊಳಗೆ ಓಡಿಸಿದರೆ ಏನೂ ಗೊತ್ತಾಗುತ್ತಿರಲಿಲ್ಲ. ಕೈಮರ ದಾಟಿ ಗಿರಿಯ ಏರು ಶುರುವಾದರೆ ಮಾತ್ರ ಎಷ್ಟು ಥ್ರಾಟಲ್ ಕೊಟ್ಟರೂ ಎಳೆಯುತ್ತಿರಲಿಲ್ಲ. ಬೇರೆ ಕಡೆ ತೋರಿಸಿದಾಗ ಬೋರ್ ಹೋಗಿದೆ, ಅಂದರೆ ಸಿಲಿಂಡರ್ ಒಳಗೆ ಸವೆದಿದೆ, ಇಂಜಿನ್ ಬಿಚ್ಚಬೇಕು ಅಂದಿದ್ದರು.

ಇಲ್ಲಿನ ಮೆಕ್ಯಾನಿಕ್ಕಿನಿಂದ ಮೊದಲು ಬಂದಿದ್ದು ಪ್ರಶ್ನೆ: "ಸರ್, ಸಿಗ್ನಲ್‌ನಲ್ಲಿ ನಿಂತಾಗ ಆಫ್ ಆಗುತ್ತಾ, ಇಲ್ಲ ಏರಲ್ಲಿ ಮಾತ್ರಾನಾ?" ಆಮೇಲೆ ಅವರೇ ಒಂದು ರೌಂಡ್ ಓಡಿಸಿ ಬಂದರು. ಕ್ಲಚ್ ಜಾರುತ್ತಿಲ್ಲ, ಬ್ರೇಕ್ ಹಿಡಿದಿಲ್ಲ, ಏರ್ ಫಿಲ್ಟರ್ ಕಟ್ಟಿಲ್ಲ ಅನ್ನುವುದು ಖಚಿತವಾದ ಮೇಲೆಯೇ ಕಾರ್ಬ್ಯುರೇಟರಿಗೆ ಕೈ ಹಾಕಿದ್ದು.

ಕಾರ್ಬ್ಯುರೇಟರಿನ ತಳದಲ್ಲಿ ಪೆಟ್ರೋಲ್ ನಿಲ್ಲುವ ಬಟ್ಟಲಾದ ಫ್ಲೋಟ್ ಬೌಲಿನ ಪೆಟ್ರೋಲನ್ನು ಗಾಜಿನ ಬಾಟಲಿಗೆ ಬಿಟ್ಟರು. ತಳದಲ್ಲಿ ಚೂರು ನೀರು ನಿಂತಿತ್ತು. ಈಗಿನ ಪೆಟ್ರೋಲಿನಲ್ಲಿ ಎಥೆನಾಲ್ ಜಾಸ್ತಿ, ಅದು ತೇವ ಹೀರುತ್ತದೆ. ನಮ್ಮ ಮಲೆನಾಡಿನ ಮಳೆಗಾಲದಲ್ಲಿ ಗಾಡಿ ಸುಮ್ನೆ ನಿಲ್ಲಿಸಿದರೆ ಕೇಳಬೇಕಾ? ಆದರೆ ಅಸಲಿ ತೊಂದರೆ ಕಾರ್ಬ್ಯುರೇಟರಿನ ಮೇಲಿನ ಮುಚ್ಚಳದ ಕೆಳಗಿತ್ತು. ಡಯಾಫ್ರಾಂ ಅನ್ನುವ ತೆಳು ಕಪ್ಪು ರಬ್ಬರಿನ ಪದರ ತೆಗೆದು, ಮೆಲ್ಲಗೆ ಹಿಗ್ಗಿಸಿ ಮೊಬೈಲ್ ಟಾರ್ಚಿಗೆ ಹಿಡಿದರು. ಮಡಿಕೆ ಬೀಳುವ ಜಾಗದಲ್ಲಿ ಉಗುರಿನಿಂದ ಗೀರಿದಂಥ ಸೀಳು, ಅದರೊಳಗಿಂದ ಬೆಳಕು.

ಈ ಗಾಡಿಯಲ್ಲಿ ಥ್ರಾಟಲ್ ಕೇಬಲ್ ತಿರುಗಿಸುವುದು ಒಳಗಿನ ಬಟರ್‌ಫ್ಲೈ ಅನ್ನುವ ತಿರುಗುವ ತಟ್ಟೆಯನ್ನು ಮಾತ್ರ. ಗಾಳಿಯ ದಾರಿಯನ್ನು ತೆರೆಯುವ ಸ್ಲೈಡ್ ಅನ್ನುವ ಭಾಗ ಮೇಲೇಳುವುದು ಇಂಜಿನ್ ಗಾಳಿ ಹೀರುವ ಎಳೆತದಿಂದ. ಆ ಎಳೆತವನ್ನು ಹಿಡಿದಿಡುವುದು ಈ ರಬ್ಬರು. ಹರಿದರೆ ಸ್ಲೈಡ್ ಅರ್ಧಕ್ಕೇ ನಿಲ್ಲುತ್ತದೆ, ಅದರ ಜೊತೆಗಿರುವ ಸೂಜಿಯಂಥ ನೀಡಲ್ಲೂ ಏಳುವುದಿಲ್ಲ, ಮೇನ್ ಜೆಟ್ಟಿನಿಂದ (ಪೆಟ್ರೋಲ್ ಬರುವ ಸಣ್ಣ ತೂತಿನ ಭಾಗ) ಬೇಕಾದಷ್ಟು ಪೆಟ್ರೋಲ್ ಬರುವುದಿಲ್ಲ. ಐಡಲಿಂಗ್‌ಗೆ ಪೈಲಟ್ ಜೆಟ್ ಬೇರೆಯೇ ಇದೆ. ಅದಕ್ಕೇ ನಿಂತಲ್ಲಿ ಎಲ್ಲವೂ ಸರಿಯಾಗಿ ಕಾಣುತ್ತದೆ. ಇಂಜಿನ್ ಬಿಚ್ಚುವ ಮಾತೇ ಬೇಕಿರಲಿಲ್ಲ, ಅಲ್ವಾ?

ಕೆಲಸದ ಶಿಸ್ತು ನನಗೆ ತುಂಬಾ ಹಿಡಿಸಿತು. ಜೆಟ್ಟಿಗೆ ತಂತಿ ಚುಚ್ಚಲಿಲ್ಲ. ಚುಚ್ಚಿದರೆ ತೂತು ದೊಡ್ಡದಾಗಿ ಲೆಕ್ಕವೇ ಕೆಡುತ್ತದೆ. ಸ್ಪ್ರೇ ಹೊಡೆದು ಗಾಳಿಯಲ್ಲಿ ಊದಿದರು. ಸ್ಪ್ರೇ ತಗುಲಿದರೆ ರಬ್ಬರ್ ಊದಿಕೊಳ್ಳುತ್ತದೆ ಅಂತ ರಬ್ಬರ್ ಭಾಗಗಳನ್ನೆಲ್ಲ ಮೊದಲೇ ಬೇರೆ ತಟ್ಟೆಗೆ ತೆಗೆದಿಟ್ಟಿದ್ದರು. ಹೊಸ ಡಯಾಫ್ರಾಂ ಕೂರಿಸಿ, ಮುಚ್ಚಳ ಹಾಕಿ, ಸ್ಲೈಡನ್ನು ಬೆರಳಿಂದ ಎತ್ತಿ ಬಿಟ್ಟರು. ಅದು ನಿಧಾನವಾಗಿ ಇಳಿಯಿತು. ಇಂಜಿನ್ ಬಿಸಿಯಾದ ಮೇಲೆಯೇ ಐಡಲ್ ಸ್ಕ್ರೂ ತಿರುಗಿಸಿದ್ದು. ಪಾರ್ಟು, ಕೂಲಿ ಎಲ್ಲ ಸೇರಿ ಎರಡು ಸಾವಿರದೊಳಗೇ ಮುಗಿಯಿತು.

ಕೊರತೆ ಅಂದರೆ ಕಾಯಬೇಕು. ಕೆಲಸ ಮಾಡುವವರು ಅವರೊಬ್ಬರೇ, ಫೋನ್ ಎತ್ತುವುದು ಅಪರೂಪ. ಪಾರ್ಟು ಸ್ಟಾಕ್ ಇರುವುದಿಲ್ಲ, ನನ್ನದನ್ನು ಬೆಂಗಳೂರಿನಿಂದ ತರಿಸಿದರು. 2020ರ ಬಿಎಸ್6 (ಹೊಗೆ ನಿಯಮ) ನಂತರದ ಎಫ್‌ಐ, ಅಂದರೆ ಕಾರ್ಬ್ಯುರೇಟರ್ ಬದಲು ಫ್ಯೂಯೆಲ್ ಇಂಜೆಕ್ಷನ್ ಇರುವ ಗಾಡಿಗಳನ್ನು ಮುಟ್ಟುವುದಿಲ್ಲ, ಅದನ್ನು ಬಾಗಿಲಲ್ಲೇ ಹೇಳಿಬಿಡುತ್ತಾರೆ. ಹೋಗುವಾಗ ಟ್ಯಾಂಕಿನಲ್ಲಿ ಪೆಟ್ರೋಲ್ ಇರಲಿ. ಏರಿನಲ್ಲಿ ಓಡಿಸಿ ನೋಡದೆ ಅವರು ಕೀ ವಾಪಸ್ ಕೊಡುವುದಿಲ್ಲ.