ಲ್ಯಾವೆಂಡರ್ ಎಣ್ಣೆ ಮುಖಕ್ಕೆ ಹಚ್ಚುವ ಮೊದಲು ನನ್ನ ಕತೆ ಓದಿ

ಕಣ್ಣಿನ ಕೆಳಗಿಂದ ಗದ್ದದ ತನಕ ಕೆಂಪಗೆ ಉಬ್ಬಿತ್ತು, ಮೂಗಿನ ಎರಡೂ ಪಕ್ಕ ನೀರು ತುಂಬಿದ ಸಾಸಿವೆಯಂಥ ಗುಳ್ಳೆಗಳು. ಮೇ ತಿಂಗಳ ಮೊದಲ ವಾರ ನನ್ನ ಮುಖದ ಅವಸ್ಥೆ ಇದು. ಕಾರವಾರದಿಂದ ಶಿರಸಿಗೆ ಬಸ್ಸಿನಲ್ಲಿ ಹೋದವಳು ದುಪಟ್ಟಾ ಮುಖಕ್ಕೆ ಸುತ್ತಿಕೊಂಡೇ ಅಂಗಳಕ್ಕೆ ಕಾಲಿಟ್ಟೆ. ಆಯಿ ದುಪಟ್ಟಾ ಸರಿಸಿ ನೋಡಿದವಳೇ, “ಎಂತಾತೇ ಮುಖಕ್ಕೆ? ಗೇರುಸೊನೆ ತಾಗ್ತನೇ?” ಅಂದಳು. ಆಗ ಗೇರುಬೀಜದ ಕಾಲ, ಕೇಳಿದ್ದರಲ್ಲಿ ತಪ್ಪಿಲ್ಲ. ಸೆಖೆಗೆ ಆಗಿದ್ದು ಅಂತ ಹೇಳಿ ಒಳಗೆ ಹೋದೆ. ಆ ರಾತ್ರಿಯೂ ಬ್ಯಾಗಿನಿಂದ ಬಾಟಲಿ ತೆಗೆದು ನಾಲ್ಕು ಹನಿ ಮುಖಕ್ಕೆ ಹಚ್ಚಿಕೊಂಡೇ ಮಲಗಿದೆ. ಉರಿ ತಣಿಯಲಿ ಅಂತ.

ಬಾಟಲಿಯಲ್ಲಿದ್ದದ್ದು ಲ್ಯಾವೆಂಡರ್ ಎಣ್ಣೆ. ಕಳೆದ ವರ್ಷ ಜನವರಿಯಲ್ಲಿ ಕೊಂಡಿದ್ದು, 10 ಮಿ.ಲೀ., ಕಂದು ಗಾಜು. ಎಲ್ಲಿ, ಯಾರು ಅನ್ನುವುದು ಬೇಡ. ಮೊಡವೆ, ಕಲೆ, ಸುಟ್ಟ ಗಾಯ, ಸುಕ್ಕು, ನಿದ್ದೆ ಎಲ್ಲಕ್ಕೂ ಇದೊಂದೇ ಸಾಕು, “ನೂರಕ್ಕೆ ನೂರು ನೈಸರ್ಗಿಕ ಮೇಡಂ, ಬೆರೆಸುವುದೇನೂ ಬೇಡ, ಹಾಗೇ ಹಚ್ಚಿ” ಅಂದಿದ್ದರು. ಜೊತೆಗೆ 1910ರಲ್ಲಿ ಫ್ರಾನ್ಸಿನ ರಸಾಯನಶಾಸ್ತ್ರಜ್ಞ ಗಟಫೊಸೆ ಸುಟ್ಟ ಕೈಯನ್ನು ಲ್ಯಾವೆಂಡರ್ ಎಣ್ಣೆಯ ತೊಟ್ಟಿಯಲ್ಲಿ ಅದ್ದಿ ಗುಣವಾದ ಕತೆ. ಆಮೇಲೆ ಹುಡುಕಿ ಓದಿದೆ. ಆತ ಸ್ವತಃ ಬರೆದದ್ದರಲ್ಲಿ ತೊಟ್ಟಿಯೇ ಇಲ್ಲ. ಪ್ರಯೋಗಾಲಯದ ಸ್ಫೋಟದಲ್ಲಿ ಮೈಗೆ ಬೆಂಕಿ ಹತ್ತಿ, ಹುಲ್ಲಿನ ಮೇಲೆ ಹೊರಳಿ ಆರಿಸಿಕೊಂಡು, ನಂತರ ಕೊಳೆಯತೊಡಗಿದ ಗಾಯವನ್ನು ಆ ಎಣ್ಣೆಯಿಂದ ತೊಳೆದದ್ದು ಅಷ್ಟೇ. ಕೊಳೆತ ಗಾಯಕ್ಕೂ ನನ್ನ ಗದ್ದದ ಮೇಲಿನ ಎರಡು ಮೊಡವೆಗೂ ಏನು ಸಂಬಂಧವೋ!

ಮೊದಲ ಒಂದು ವರ್ಷ ಏನೂ ಆಗಲಿಲ್ಲ. ಕೊಬ್ಬರಿ ಎಣ್ಣೆಗೆ ಒಂದೆರಡು ಹನಿ ಹಾಕಿ ಕೈಗೆ, ತಲೆಗೆ ಹಚ್ಚುತ್ತಿದ್ದೆ, ಚೆನ್ನಾಗಿಯೇ ಇತ್ತು. ನಾನು ಕೆಟ್ಟದ್ದೇ ಆ ಧೈರ್ಯದಿಂದ. ಅಲರ್ಜಿ ಮೊದಲ ದಿನವೇ ಬರಬೇಕೆಂದಿಲ್ಲ. ಮೈ ಸದ್ದಿಲ್ಲದೆ ಆ ವಸ್ತುವಿನ ಗುರುತು ಹಿಡಿದಿಟ್ಟುಕೊಂಡು, ಎಷ್ಟೋ ತಿಂಗಳ ಮೇಲೆ ಒಂದು ದಿನ ತಿರುಗಿಬೀಳುತ್ತದೆ. ನನಗೆ ಅದು ಆದದ್ದು ಏಪ್ರಿಲ್ ಕೊನೆಗೆ, ಮೊಡವೆ ಎದ್ದಿದೆ ಅಂತ ಏನೂ ಬೆರೆಸದೆ ಬೆರಳಿನಿಂದ ನೇರ ಹಚ್ಚಿದ ಮೇಲೆ. ಅದೂ ಹಚ್ಚಿದ ಕೂಡಲೇ ಅಲ್ಲ, ಎರಡು ದಿನ ಬಿಟ್ಟು. ಆ ಎರಡು ದಿನದ ಅಂತರವೇ ಕಣ್ಣಿಗೆ ಮಣ್ಣೆರಚಿದ್ದು. ಹೊಸ ಸೋಪು, ಪಕ್ಕದ ಮನೆಯಿಂದ ಬಂದ ಸಿಗಡಿ, ಸಮುದ್ರದ ಉಪ್ಪುಗಾಳಿ ಎಲ್ಲದರ ಮೇಲೂ ಅನುಮಾನ ಬಂತು, ಎಣ್ಣೆಯ ಮೇಲೆ ಮಾತ್ರ ಬರಲಿಲ್ಲ. ಅದು ಔಷಧವಲ್ಲವೇ? ಕೆಂಪಾದಷ್ಟೂ ಜಾಸ್ತಿ ಹಚ್ಚಿದೆ.

ನಡುವೆ ಇನ್ನೊಂದು ದಡ್ಡತನವನ್ನೂ ಮಾಡಿದೆ. ಮೆಡಿಕಲ್ ಶಾಪಿನಲ್ಲಿ ಮುಖ ತೋರಿಸಿ ಒಂದು ಟ್ಯೂಬ್ ತಂದೆ. ಎರಡೇ ದಿನಕ್ಕೆ ಕೆಂಪು ಇಳಿಯಿತು, ಬಿಟ್ಟ ಕೂಡಲೇ ದುಪ್ಪಟ್ಟಾಗಿ ಬಂತು. ಸ್ಟಿರಾಯ್ಡ್ ಇರುವ ಕ್ರೀಮು ಅದು, ಚೀಟಿ ಇಲ್ಲದೆ ಕೊಡುವಂತೆಯೇ ಇಲ್ಲ. ಅಂಥದ್ದನ್ನು ಮುಖಕ್ಕೆ ತಿಂಗಳುಗಟ್ಟಲೆ ಹಚ್ಚಿ ಚರ್ಮ ತೆಳ್ಳಗಾಗಿಸಿಕೊಂಡವರು ನಮ್ಮ ಆಫೀಸಿನಲ್ಲೇ ಇದ್ದಾರೆ.

ಕೊನೆಗೆ ಹುಬ್ಬಳ್ಳಿಯ ಒಬ್ಬ ಚರ್ಮದ ಡಾಕ್ಟರ ಹತ್ತಿರ ಹೋದೆ. ಮುಖಕ್ಕೆ ಏನೇನು ಹಚ್ಚುತ್ತೀರಿ ಅಂತ ಕೇಳಿದರು. ಸೋಪು, ಪೌಡರ್, ಸನ್‌ಸ್ಕ್ರೀನ್, ಟ್ಯೂಬ್ ಎಲ್ಲ ಹೇಳಿದೆ. ಎಣ್ಣೆಯ ವಿಷಯ ಬಾಯಿಗೇ ಬರಲಿಲ್ಲ. ಎದ್ದು ಬಾಗಿಲ ತನಕ ಹೋದವಳನ್ನು ತಡೆದು, “ಮನೆಮದ್ದು ಏನಾದರೂ?” ಅಂದರು. ಆಗ ಹೇಳಿದೆ. ಅವರು ಪೆನ್ನು ಕೆಳಗಿಟ್ಟರು.

ಮುಖ ತಿಳಿಯಾದ ಮೇಲೆ ಪ್ಯಾಚ್ ಟೆಸ್ಟ್. ಬೆನ್ನ ಮೇಲೆ ಪುಟ್ಟ ಬಿಲ್ಲೆಗಳ ಸಾಲು ಅಂಟಿಸಿ, ಅದರಲ್ಲೊಂದಕ್ಕೆ ನನ್ನ ಬಾಟಲಿಯ ಎಣ್ಣೆಯನ್ನೇ ತೆಳು ಮಾಡಿ ಹಾಕಿದರು. 48 ಗಂಟೆ ಬೆನ್ನು ಒದ್ದೆಯಾಗುವಂತಿಲ್ಲ, ಬೆವರುವಂತಿಲ್ಲ. ಆ ಸೆಖೆಯಲ್ಲಿ! ಅದಕ್ಕೇ ಕಾರವಾರಕ್ಕೆ ಮರಳದೆ ಹುಬ್ಬಳ್ಳಿಯ ಚಿಕ್ಕಮ್ಮನ ಮನೆಯಲ್ಲಿ ಫ್ಯಾನಿನ ಕೆಳಗೇ ಕೂತಿದ್ದೆ. ಪಟ್ಟಿ ಬಿಚ್ಚಿದಾಗ ಒಂದು ಜಾಗ ಮಾತ್ರ ಕೆಂಪು ನಾಣ್ಯದ ಹಾಗೆ ಎದ್ದಿತ್ತು. ಮತ್ತೆರಡು ದಿನ ಬಿಟ್ಟು ನೋಡಿದಾಗ ಅದರ ಮೇಲೆ ಗುಳ್ಳೆ.

ಅವರು ವಿವರಿಸಿದ್ದು ಹೀಗೆ. ಲ್ಯಾವೆಂಡರ್ ಎಣ್ಣೆಯಲ್ಲಿ ಅರ್ಧಕ್ಕಿಂತ ಹೆಚ್ಚು ಲಿನಲೂಲ್ ಮತ್ತು ಲಿನಲೈಲ್ ಅಸಿಟೇಟ್ ಎಂಬ ಎರಡೇ ವಸ್ತುಗಳು. ಆ ಪರಿಮಳವೂ ಅವುಗಳದ್ದೇ. ತಾಜಾ ಇದ್ದಾಗ ಅಷ್ಟೇನೂ ಉಪದ್ರವವಿಲ್ಲ. ಗಾಳಿ ತಾಗಿದರೆ ಆಮ್ಲಜನಕದೊಂದಿಗೆ ಸೇರಿ ಹೈಡ್ರೋಪೆರಾಕ್ಸೈಡ್‌ಗಳಾಗುತ್ತವೆ, ಚರ್ಮಕ್ಕೆ ಅಲರ್ಜಿ ಹಿಡಿಸುವುದು ಇವು. ಸ್ವೀಡನ್ನಿನ ಸಂಶೋಧಕರು ಇದನ್ನು ವರ್ಷಗಟ್ಟಲೆ ಅಭ್ಯಾಸ ಮಾಡಿದ್ದಾರೆ.

ನನ್ನ ಬಾಟಲಿ ಎಲ್ಲಿತ್ತು ಗೊತ್ತೇ? ಬಚ್ಚಲುಮನೆಯ ಕಿಟಕಿಯಲ್ಲಿ, ಮಧ್ಯಾಹ್ನದ ಬಿಸಿಲಿಗೆ, ಹದಿನೈದು ತಿಂಗಳು. ಮುಚ್ಚಳದ ಎಳೆಗಳಲ್ಲಿ ಹಳದಿ ಅಂಟು ಕಟ್ಟಿ ತಿರುಗಿಸಿದರೆ ಕಿರ್ ಅನ್ನುತ್ತಿತ್ತು, ಪೂರ್ತಿ ಕೂರುತ್ತಲೇ ಇರಲಿಲ್ಲ. ವಾಸನೆಯೂ ಮೊದಲಿನ ಹಾಗಿರದೆ ಸ್ವಲ್ಪ ಟರ್ಪೆಂಟೈನಿನಂತೆ ಮೂಗಿಗೆ ಹೊಡೆಯುತ್ತಿತ್ತು. ಕೊಬ್ಬರಿ ಎಣ್ಣೆ ಕನರಿದರೆ ಮೂಸಿ ಚೆಲ್ಲುವವಳು, ಇದನ್ನು ದುಡ್ಡು ಕೊಟ್ಟಿದ್ದೇನೆ ಅಂತ ಇಟ್ಟುಕೊಂಡೆ.

ಲ್ಯಾವೆಂಡರ್ ಎಣ್ಣೆ ಶುದ್ಧ ಮೋಸ ಅನ್ನುತ್ತಿಲ್ಲ. ಪ್ರಯೋಗಾಲಯದ ತಟ್ಟೆಯಲ್ಲಿ ಅದು ಬ್ಯಾಕ್ಟೀರಿಯಾ ಕೊಲ್ಲುವುದು ನಿಜ, ಎಷ್ಟೋ ಜನರಿಗೆ ಒಗ್ಗುವುದೂ ನಿಜ. ಆದರೆ ನೈಸರ್ಗಿಕ ಅಂದಮೇಲೆ ಅಪಾಯವಿಲ್ಲ ಅನ್ನುವ ಮಾತನ್ನು ನಮ್ಮ ಜಿಲ್ಲೆಯವರು ನಂಬಿದರೆ ಹೇಗೆ? ಗೇರುಸೊನೆಗಿಂತ ನೈಸರ್ಗಿಕ ಇನ್ನೇನಿದೆ? ಒಬ್ಬರು ದಿನವಿಡೀ ಬೀಜ ಸುಟ್ಟರೂ ಏನೂ ಆಗುವುದಿಲ್ಲ, ಇನ್ನೊಬ್ಬರಿಗೆ ಮೈಯೆಲ್ಲ ಬೀಗುತ್ತದೆ.

ಇಷ್ಟರ ಮೇಲೂ ಹಚ್ಚುವವರು ಬರಿ ಎಣ್ಣೆಯನ್ನು ಮಾತ್ರ ಮುಟ್ಟಬೇಡಿ. 30 ಮಿ.ಲೀ. ಕೊಬ್ಬರಿ ಎಣ್ಣೆಗೆ ಆರು ಹನಿ ಅಂದರೆ ಹತ್ತಿರ ಹತ್ತಿರ ಶೇ. 1, ಮುಖಕ್ಕೆ ಅದಕ್ಕಿಂತ ಜಾಸ್ತಿ ಬೇಡ. ಬೆರೆಸಿದ್ದನ್ನು ಮೊದಲು ಮೊಣಕೈ ಒಳಮಗ್ಗುಲಿಗೆ ದಿನಕ್ಕೆರಡು ಸಲದಂತೆ ಒಂದು ವಾರ ಹಚ್ಚಿ ನೋಡಿ, ಒಂದೇ ರಾತ್ರಿ ನೋಡಿದರೆ ಸಾಲದು. ಬಾಟಲಿ ತೆರೆದ ತಾರೀಕು ಬರೆದಿಡಿ, ಬಿಗಿಯಾಗಿ ಮುಚ್ಚಿ ತಂಪಿನಲ್ಲಿಡಿ, ವಾಸನೆ ತಿರುಗಿದರೆ ಚೆಲ್ಲಿ. ಎಳೆ ಮಕ್ಕಳ ಮೈಗೆ ಬೇಡವೇ ಬೇಡ.

ನನಗಂತೂ ಇದು ಜೀವಮಾನದ ಗಂಟು. ಲಿನಲೂಲ್ ಇಲ್ಲದ ಶಾಂಪೂ, ಸೋಪು ಹುಡುಕುತ್ತ ಅಂಗಡಿಯಲ್ಲಿ ಮೊಬೈಲ್ ಟಾರ್ಚ್ ಹಾಕಿ ಡಬ್ಬಿಯ ಹಿಂಬದಿ ಓದುತ್ತ ನಿಲ್ಲುತ್ತೇನೆ. ಮುಖ ಒಣಗಿದರೆ ಆಯಿ ಕಳಿಸಿದ ಮುರುಗಲ (ಕೋಕಂ ಬೀಜದ) ತುಪ್ಪ, ಅದೂ ಮೊದಲು ಮೊಣಕೈಗೆ ಹಚ್ಚಿ ನೋಡಿದ ಮೇಲೇ. “ಹೂವಿನೆಣ್ಣೆಯಡಾ!” ಅಂತ ಆಯಿ ಈಗಲೂ ಬಂದವರಿಗೆಲ್ಲ ಹೇಳಿ ನಗುತ್ತಾಳೆ.

ಮೊನ್ನೆ ಆಫೀಸಿನಲ್ಲಿ ಈ ಕತೆಯನ್ನೆಲ್ಲ ಕೇಳಿದ ಒಬ್ಬಳು ಕೊನೆಗೆ ಕೇಳಿದ್ದು: “ಉಳಿದ ಎಣ್ಣೆ ಎಂತ ಮಾಡಿದೆ ಅಕ್ಕಾ? ನಂಗೆ ಕೊಡು, ನಂಗೆಂತ ಆಗೂದಿಲ್ಲ.”