‘ಟಿಬಿ ಲಸಿಕೆ ಹಾಕಿಸಿದ ಹಸು’ ಅಂದ್ರೆ ನಂಬಬೇಡಿ

ಹಸು ಕೊಳ್ಳುವವರು ದಯವಿಟ್ಟು ಓದಿ. ಟಿಬಿ ಪರೀಕ್ಷೆಯಲ್ಲಿ ಹಸುವಿನ ಕುತ್ತಿಗೆ ಊದಿದರೆ, "ಅದು ರೋಗ ಅಲ್ಲ, ಬಿಸಿಜಿ ಲಸಿಕೆ ಹಾಕಿಸಿದ್ದೀವಿ, ಅದಕ್ಕೇ ಊದುತ್ತೆ" ಎಂದು ಸಮಜಾಯಿಷಿ ಹೇಳುವವರಿದ್ದಾರೆ. ಅಂಥವರ ಕಡೆಯಿಂದಲೇ ನಮ್ಮ ಕೊಟ್ಟಿಗೆಗೆ ಎರಡು ಎಚ್‌ಎಫ್ ತಳಿಯ ಹಸು ಬಂದವು.

ಫಾರಂ ಮುಚ್ಚುತ್ತಿದ್ದೀವಿ ಅಂತ ಮಾರಿದ್ದರು. ಟಿಬಿ ಇಲ್ಲ ಎಂಬ ಚೀಟಿಯನ್ನೂ ಕೊಟ್ಟಿದ್ದರು. ಸ್ವಲ್ಪ ದಿನಕ್ಕೇ ಒಂದು ಹಸು ಕೆಮ್ಮತೊಡಗಿತು. ಎಷ್ಟು ಮೇವು ಹಾಕಿದರೂ ಬಡಕಲಾಗುತ್ತಲೇ ಹೋಯಿತು. ಡಾಕ್ಟರು ಬಂದು ಎಲ್ಲ ಹಸುಗಳ ಕುತ್ತಿಗೆಯ ಕೂದಲು ತೆಗೆದು, ಚರ್ಮದ ದಪ್ಪ ಅಳೆದು, 0.1 ಮಿಲಿ ಟ್ಯುಬರ್ಕ್ಯುಲಿನ್ (ಟಿಬಿ ರೋಗಾಣುವಿನಿಂದ ತೆಗೆದ ಪ್ರೋಟೀನು) ಚುಚ್ಚಿದರು. 72 ಗಂಟೆ ಬಿಟ್ಟು ಮತ್ತೆ ಅಳೆಯುತ್ತಾರೆ. ದಪ್ಪ ಮೊದಲಿಗಿಂತ 4 ಮಿಲಿಮೀಟರ್ ಅಥವಾ ಇನ್ನೂ ಜಾಸ್ತಿ ಏರಿದ್ದರೆ ಪಾಸಿಟಿವ್. ಬಂದ ಎರಡಕ್ಕೂ ಗಂಟು ಕಣ್ಣಿಗೇ ಕಾಣುವಷ್ಟಿತ್ತು.

ಮಾರಿದವರಿಗೆ ಫೋನ್ ಮಾಡಿದಾಗ ಬಂದದ್ದೇ ಈ ಲಸಿಕೆ ಕಥೆ. ಇದರಲ್ಲಿ ಅರ್ಧ ನಿಜ ಇದೆ, ಅದೇ ತೊಂದರೆ. 1921ರಲ್ಲಿ ಮನುಷ್ಯರಿಗೆ ಮೊದಲ ಸಲ ಕೊಟ್ಟ ಬಿಸಿಜಿ ತಯಾರಾದದ್ದೇ ಹಸುವಿನ ಟಿಬಿ ರೋಗಾಣುವಿನಿಂದ. ಅದನ್ನು ವರ್ಷಗಟ್ಟಲೆ ಬೆಳೆಸಿ ಬಲ ಕುಂದಿಸಿದ್ದರು. ಹಾಗಾಗಿ ಬಿಸಿಜಿ ಪಡೆದ ಹಸುವಿಗೂ ಈ ಪರೀಕ್ಷೆಯಲ್ಲಿ ಊದಬಹುದು. ಸೋಂಕು ಯಾವುದು, ಲಸಿಕೆ ಯಾವುದು ಅಂತ ತಿಳಿಯಲು ಬೇರೆ ಪರೀಕ್ಷೆ ಬೇಕು. ಇಸ್ಯಾಟ್-6, ಸಿಎಫ್‌ಪಿ-10 ಎಂಬ ಪ್ರೋಟೀನುಗಳು ರೋಗಾಣುವಿನಲ್ಲಿವೆ, ಬಿಸಿಜಿಯಲ್ಲಿಲ್ಲ. ಆ ಪರೀಕ್ಷೆ ನಡೆಯುವುದು ಇವುಗಳ ಮೇಲೆ. ಆದರೆ ನಮ್ಮೂರ ಪಶು ಆಸ್ಪತ್ರೆಯಲ್ಲಿ ಅದೆಲ್ಲ ಎಲ್ಲಿ ಸಿಗುತ್ತೆ?

ಸುಳ್ಳು ಇರುವುದು ಉಳಿದರ್ಧದಲ್ಲಿ. ನಮ್ಮ ದೇಶದಲ್ಲಿ ಹಸುಗಳಿಗೆ ಟಿಬಿ ಲಸಿಕೆ ಹಾಕುವ ಕಾರ್ಯಕ್ರಮವೇ ಇಲ್ಲ. ಕಾಲುಬಾಯಿ, ಗಳಲೆ, ಚಪ್ಪೆ ರೋಗದ ಲಸಿಕೆಗಳಿಗೆ ಈ ಗಂಟು ಬರುವುದಿಲ್ಲ. "ಯಾರು ಹಾಕಿದ್ರು, ಔಷಧಿ ಎಲ್ಲಿ ಸಿಕ್ತು ಸ್ವಾಮಿ?" ಅಂದೆ. ಫೋನ್ ಕಟ್.

ಅಷ್ಟರಲ್ಲಿ ನಮ್ಮ ಮನೆಯಲ್ಲೇ ಹುಟ್ಟಿದ ಹಸುವಿಗೂ ಗಂಟು ಬಂದಿತ್ತು. ಅದಕ್ಕೆ ಯಾವ ಬಿಸಿಜಿ? ಕೆಮ್ಮುತ್ತಿದ್ದದ್ದು ಕೊನೆಗೆ ಸತ್ತಿತು. ಕೊಯ್ದು ನೋಡಿದರೆ ಶ್ವಾಸಕೋಶದ ತುಂಬ ಹಳದಿ ಗಂಟುಗಳು, ಒಳಗೆಲ್ಲ ಗಿಣ್ಣಿನಂಥ ಗಸಿ.

ಚೀಟಿಯ ವಿಷಯಕ್ಕೆ ಬರೋಣ. ಆಗಷ್ಟೇ ಕರು ಹಾಕಿದ ಹಸುವಿನಲ್ಲಿ ಸೋಂಕಿದ್ದರೂ ಗಂಟು ಬಾರದೇ ಇರಬಹುದು. ಸ್ವಲ್ಪ ದಿನದ ಹಿಂದೆಯೇ ಟ್ಯುಬರ್ಕ್ಯುಲಿನ್ ಚುಚ್ಚಿದ್ದರೂ ಅಷ್ಟೇ. ಚೀಟಿಯ ತಾರೀಖು, ಕರು ಹಾಕಿದ ತಾರೀಖು ಎರಡನ್ನೂ ಕೇಳಿ. ಕಿವಿಯೋಲೆಯ 12 ಅಂಕಿಯ ನಂಬರ್ ಕೊಟ್ಟು, ಯಾವ ಲಸಿಕೆ ದಾಖಲಾಗಿದೆ ಅಂತ ಪಶು ಆಸ್ಪತ್ರೆಯಲ್ಲಿ ನೋಡಿಸಿ.

ಗಬ್ಬ ಕಳಚುವ ಕಂದು ರೋಗದ (ಬ್ರುಸೆಲ್ಲೋಸಿಸ್) ಮಾತು ಬೇರೆ. ಅದಕ್ಕೆ ನಿಜವಾಗಿಯೂ ಲಸಿಕೆ ಇದೆ, 4ರಿಂದ 8 ತಿಂಗಳ ಹೆಣ್ಣುಕರುಗಳಿಗೆ ಹಾಕುತ್ತಾರೆ. ಆಮೇಲೆ ರಕ್ತಪರೀಕ್ಷೆ ಪಾಸಿಟಿವ್ ಬಂದರೆ ಲಸಿಕೆಯಿಂದಲೂ ಇರಬಹುದು. ಟಿಬಿ ವಿಷಯದಲ್ಲಿ ಆ ನೆಪ ನಡೆಯಲ್ಲ.

ಬೇರೆ ದೇಶಗಳಲ್ಲಿ ಪಾಸಿಟಿವ್ ಬಂದ ಹಸುವನ್ನು ಕಡಿಯಲು ಕಳಿಸುತ್ತಾರೆ. ಇಲ್ಲಿ ಹಾಗಿಲ್ಲ, ದೂರ ಕಟ್ಟಿ ಸಾಕುತ್ತಿದ್ದೇವೆ. ಕರುಗಳಿಗೂ ಕಾಯಿಸಿ ಆರಿಸಿದ ಹಾಲೇ. ಮನೆಯವರೆಲ್ಲ ಪರೀಕ್ಷೆ ಮಾಡಿಸಿಕೊಂಡೆವು. ನೀವು ಮಾಡಿಸುವಾಗ ಕೊಟ್ಟಿಗೆಯಲ್ಲಿ ಟಿಬಿ ಇರುವುದನ್ನು ಡಾಕ್ಟರಿಗೆ ತಪ್ಪದೆ ಹೇಳಿ. ಮನುಷ್ಯರ ಟಿಬಿಗೆ ಕೊಡುವ ಪೈರಜಿನಮೈಡ್ ಮಾತ್ರೆ ಹಸುವಿನ ಟಿಬಿ ರೋಗಾಣುವಿಗೆ ಕೆಲಸ ಮಾಡುವುದಿಲ್ಲ.