ಅಮೆರಿಕದ ಸ್ಪೌಸ್ ವೀಸಾಕ್ಕೆ ದುಡ್ಡು ಕೊಟ್ಟು ಪಡೆದ ಸೇವೆ: ಹಾಳೆಗೆ ಐದು ಸ್ಟಾರ್, ಇಂಟರ್‌ವ್ಯೂ ತರಬೇತಿಗೆ ಒಂದು

ಮದುವೆಯಾಗಿ ಅಮೆರಿಕಕ್ಕೆ ಹೋಗುವವರಿಗೆ ಕಾಗದಪತ್ರ ಸಿದ್ಧಮಾಡಿಕೊಡುವ ಆನ್‌ಲೈನ್ ಸೇವೆಯೊಂದನ್ನು ನಾವಿಬ್ಬರೂ ಎರಡು ವರ್ಷದ ಹತ್ತಿರ ಬಳಸಿದೆವು. ನಾನು ದಾವಣಗೆರೆಯವಳು. ಗಂಡ ಚಿಕ್ಕಂದಿನಲ್ಲೇ ಅಪ್ಪ-ಅಮ್ಮನ ಜೊತೆ ಅಮೆರಿಕಕ್ಕೆ ಹೋದವರು, ಅಲ್ಲಿನ ಪೌರತ್ವ ಇದೆ, ಓಹಾಯೋದ ಕೊಲಂಬಸ್‌ನಲ್ಲಿ ಕೆಲಸ. ಹಿರಿಯರು ನೋಡಿ ಮಾಡಿದ ಮದುವೆ, 2024ರ ಫೆಬ್ರವರಿಯಲ್ಲಿ. ಕಂಪನಿಯ ಹೆಸರು ಬರೆಯುವುದಿಲ್ಲ. ಇಂಥ ಸೇವೆಗಳು ಬೇಕಾದಷ್ಟಿವೆ, ಕೊಡುವುದೂ ಹೆಚ್ಚುಕಡಿಮೆ ಒಂದೇ ಥರ. ಅದರಲ್ಲಿ ಯಾವುದಕ್ಕೆ ದುಡ್ಡು ಕೊಡಬಹುದು, ಯಾವುದಕ್ಕೆ ಬೇಡವೇ ಬೇಡ ಅನ್ನುವುದಷ್ಟೇ ಇಲ್ಲಿ ಹೇಳಬೇಕಾಗಿರುವುದು.

ಮೊದಲು ದುಡ್ಡಿನ ಮಾತು. ನಾನು ಆಗ ಪದವಿ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿ. ಗೌರವಧನ ಯಾವ ತಿಂಗಳು ಬರುತ್ತದೆ ಅನ್ನುವುದೇ ಗೊತ್ತಿರುತ್ತಿರಲಿಲ್ಲ. ವಕೀಲರು ಹೇಳಿದ ಫೀಸು ಕೇಳಿ ಸುಮ್ಮನಾದೆವು. ಈ ಸೇವೆ ಅದರ ಕಾಲು ಭಾಗಕ್ಕೆ ಸಿಕ್ಕಿತು. ಆದರೆ ಸರ್ಕಾರಕ್ಕೆ ಕಟ್ಟುವ ದುಡ್ಡು ಇದರಲ್ಲಿ ಸೇರಿಲ್ಲ. ಹೆಂಡತಿಯನ್ನು ಕರೆಸಿಕೊಳ್ಳಲು ಗಂಡ ಹಾಕುವ ಐ-130 ಅರ್ಜಿಗೆ ಆನ್‌ಲೈನಿನಲ್ಲಿ 625 ಡಾಲರ್, ಆಮೇಲೆ ವೀಸಾ ಫೀಸು 325, ಗಂಡ ಕೊಡುವ ಆರ್ಥಿಕ ಜವಾಬ್ದಾರಿ ಪತ್ರಕ್ಕೆ 120, ವೀಸಾ ಕೈಗೆ ಬಂದ ಮೇಲೆ ಗ್ರೀನ್ ಕಾರ್ಡಿಗೆ 235. ಮೆಡಿಕಲ್, ಪೊಲೀಸ್ ಕ್ಲಿಯರೆನ್ಸ್, ಮುಂಬೈ ಓಡಾಟ ಬೇರೆ. ಇನ್ನೊಂದು ಮಾತು: ಇವರು ವಕೀಲರಲ್ಲ. ನೀವು ಹೇಳಿದ್ದನ್ನು ಫಾರ್ಮಿನಲ್ಲಿ ತುಂಬಬಹುದು, ಕಾನೂನು ಸಲಹೆ ಕೊಡುವಂತಿಲ್ಲ. ಹಳೇ ಡೈವೋರ್ಸು, ಹಿಂದೆ ವೀಸಾ ತಿರಸ್ಕಾರ, ಪೊಲೀಸ್ ಕೇಸು ಇದ್ದವರು ವಕೀಲರ ಹತ್ತಿರವೇ ಹೋಗಬೇಕು.

ಫಾರ್ಮುಗಳ ಬಗ್ಗೆ ಬರೆಯುವುದಿಲ್ಲ. ಅವೆಲ್ಲ ಸರ್ಕಾರದ ಸೈಟಿನಲ್ಲೇ ಸಿಗುತ್ತವೆ. ಈ ಸೇವೆಯಲ್ಲಿ ನನಗೆ ನಿಜವಾಗಿ ಹಿಡಿಸಿದ್ದು ಒಂದು ಹಾಳೆ. ನಾಲ್ಕೇ ಕಾಲಮ್ಮಿನ ಸ್ಪ್ರೆಡ್‌ಶೀಟ್. ತಾರೀಖು, ಏನಾಯಿತು, ಅದಕ್ಕೆ ಯಾವ ಕಾಗದ ಇದೆ, ಆ ಕಾಗದ ಎಲ್ಲಿದೆ. ನಿಶ್ಚಿತಾರ್ಥದಿಂದ ಶುರುಮಾಡಿ ವಾರಕ್ಕೊಮ್ಮೆ ತುಂಬಿ ಅಂದಿದ್ದರು. ಇಷ್ಟಕ್ಕೆ ಯಾಕೆ ದುಡ್ಡು ಕೊಡಬೇಕು ಅಂತ ನಿಮಗೂ ಅನ್ನಿಸಬಹುದು. ಆದರೆ ನಮ್ಮಂಥವರ ಕಷ್ಟವೇ ಬೇರೆ.

ಮದುವೆ ನಿಜವಾದದ್ದು ಅಂತ ತೋರಿಸಲು ಅಮೆರಿಕದವರು ಕೇಳುವ ಪುರಾವೆಗಳ ಪಟ್ಟಿ ನೋಡಿ. ಇಬ್ಬರ ಹೆಸರಿನ ಮನೆ, ಜಂಟಿ ಬಾಡಿಗೆ ಕರಾರು, ಜಂಟಿ ಬ್ಯಾಂಕ್ ಖಾತೆ, ಮಕ್ಕಳ ಜನನ ಪ್ರಮಾಣಪತ್ರ. ಮದುವೆಯಾದ ಮೂರು ವಾರಕ್ಕೇ ಗಂಡ ವಿಮಾನ ಹತ್ತಿದರೆ ಇದರಲ್ಲಿ ಏನಿರುತ್ತದೆ ಹೇಳಿ? ಕಲ್ಯಾಣಮಂಟಪದ ಫೋಟೋ ರಾಶಿ ಇರುತ್ತದೆ. ಆದರೆ ಅವು ಒಂದೆರಡು ದಿನದ ಕಥೆ ಮಾತ್ರ. ಧಾರೆ ಎರೆದ ಮಾರನೆಯ ದಿನದಿಂದ ಏನು ನಡೆಯಿತು ಅನ್ನುವುದು ಅದರಲ್ಲಿ ಕಾಣುವುದಿಲ್ಲ.

ಅದು ಕಂಡದ್ದು ಈ ಹಾಳೆಯಲ್ಲಿ. ಭಾನುವಾರ ಬೆಳಿಗ್ಗೆ ಏಳೂವರೆಗೆ ನಾನು ಕಾಫಿ ಹಿಡಿದು ಕೂರುತ್ತಿದ್ದೆ. ಅಲ್ಲಿ ಶನಿವಾರ ರಾತ್ರಿ 10, ಚಳಿಗಾಲದಲ್ಲಿ 9. ವಿಡಿಯೋ ಕಾಲ್ ಹಾಕಿಕೊಂಡು ಇಬ್ಬರೂ ಒಂದೇ ಹಾಳೆ ತೆರೆಯುತ್ತಿದ್ದೆವು. ‘ಈ ವಾರ ಏನು?’ ಅಂತ ಅವರು ಕೇಳುವುದು. ನಾನು ಚಟ್ನಿಪುಡಿ, ಮೆಂತ್ಯದ ಹಿಟ್ಟು ಕಳಿಸಿದ ಕೊರಿಯರ್ ರಸೀದಿ. ಅವರು ನನ್ನನ್ನು ನಾಮಿನಿ ಮಾಡಿದ ವಿಮೆ ಪಾಲಿಸಿ. ಅತ್ತೆಯವರ ಕಣ್ಣಿನ ಆಪರೇಷನ್ ದಿನ ನಾನು ಆಸ್ಪತ್ರೆಗೆ ಫೋನ್ ಮಾಡಿದ ಕಾಲ್ ವಿವರ. ಅಪ್ಪನ ಮನೆಗೆ ಇನ್ವರ್ಟರ್ ಹಾಕಿಸಲು ಅವರು ಕಳಿಸಿದ ದುಡ್ಡು. ಕೊಲಂಬಸ್‌ನಲ್ಲಿ ಎರಡು ಬೆಡ್‌ರೂಮಿನ ಮನೆ ಹುಡುಕುವಾಗ ಅಡುಗೆಮನೆಯ ಕಿಟಕಿ ಎಲ್ಲಿದೆ ಅಂತ ನಾನು ಕೇಳಿದ ಮೆಸೇಜು. ಕಾಗದ ಇಲ್ಲದ ಸಾಲನ್ನು ಹಳದಿ ಮಾಡುತ್ತಿದ್ದೆವು. ಕಾಗದ ಸಿಕ್ಕ ದಿನ ಹಳದಿ ತೆಗೆಯುವುದು.

ಬರುಬರುತ್ತಾ ವೀಸಾ ನೆಪವಾಯಿತು. ಆ ವಾರದಲ್ಲಿ ನಾವಿಬ್ಬರೂ ಏನು ಮಾಡಿದೆವು ಅಂತ ಕೂತು ಮಾತಾಡುವ ಹೊತ್ತು ಅದೊಂದೇ ಆಗಿತ್ತು. ಪರಿಚಯವಾಗಿ ಕೆಲವೇ ತಿಂಗಳಿಗೆ ಮದುವೆಯಾದವರಿಗೆ ಇದು ಎಷ್ಟು ದೊಡ್ಡ ವಿಷಯ ಅನ್ನುವುದು ಹಾಗೆ ಮದುವೆಯಾದವರಿಗೆ ಗೊತ್ತು. ಅವರಿಗೆ ಆಫೀಸಿನಲ್ಲಿ ಯಾರ ಮೇಲೆ ಬೇಜಾರಿದೆ, ನನ್ನ ಕ್ಲಾಸಿನಲ್ಲಿ ಯಾವ ಹುಡುಗಿ ಫೀಸು ಕಟ್ಟಲಾಗದೆ ಬಿಟ್ಟುಹೋದಳು, ಎಲ್ಲ ಈ ಹಾಳೆ ತುಂಬುವಾಗಲೇ ಬಂದ ಮಾತು.

ಹೆಸರಿನ ತಾಪತ್ರಯವನ್ನೂ ಇವರು ಚೆನ್ನಾಗಿ ನಿಭಾಯಿಸಿದರು. ನಮ್ಮ ಕಡೆ ಇನಿಷಿಯಲ್ ಸಂಗತಿ ಗೊತ್ತಲ್ವಾ? ನನ್ನ ಮಾರ್ಕ್ಸ್ ಕಾರ್ಡಿನಲ್ಲಿ ಇನಿಷಿಯಲ್ ಹೆಸರಿನ ಮುಂದೆ, ಆಧಾರಿನಲ್ಲಿ ಹಿಂದೆ, ಪಾಸ್‌ಪೋರ್ಟಿನಲ್ಲಿ ಅಪ್ಪನ ಹೆಸರೇ ಸರ್‌ನೇಮ್. ಜನನ ಪ್ರಮಾಣಪತ್ರದಲ್ಲಿ ಮಗುವಿನ ಹೆಸರಿನ ಜಾಗ ಖಾಲಿ. ಮೊದಲ ವಾರವೇ ಇದನ್ನು ಹಿಡಿದು, ಹೆಸರು ಸೇರಿಸಿ ಹೊಸ ಪ್ರತಿ ತರಲು ಹೇಳಿದರು. ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗ ಖಾಲಿ ಬಿಟ್ಟವರು ಜಾಸ್ತಿ ಎಚ್ಚರ ವಹಿಸಿ. ವೀಸಾದಲ್ಲಿ ನಿಮ್ಮ ಹೆಸರು ಸರ್‌ನೇಮ್ ಜಾಗಕ್ಕೆ ಹೋಗಿ, ಮೊದಲ ಹೆಸರಿನ ಜಾಗದಲ್ಲಿ ಎಫ್‌ಎನ್‌ಯು (ಫಸ್ಟ್ ನೇಮ್ ಅನ್‌ನೋನ್, ಅಂದರೆ ಮೊದಲ ಹೆಸರು ಗೊತ್ತಿಲ್ಲ) ಅಂತ ಮೂರು ಅಕ್ಷರ ಬರುತ್ತದೆ. ಆಮೇಲೆ ಅಲ್ಲಿ ಡ್ರೈವಿಂಗ್ ಲೈಸೆನ್ಸಿನಿಂದ ಬ್ಯಾಂಕಿನ ತನಕ ಪರದಾಟ.

ಇಲ್ಲಿಯವರೆಗೆ ಒಳ್ಳೆಯದೇ. ಅಸಮಾಧಾನ ಶುರುವಾಗಿದ್ದು ಬಂಧುಗಳ ಪತ್ರದಿಂದ. ಮದುವೆಯನ್ನು ಬಲ್ಲವರು ಪ್ರಮಾಣ ಮಾಡಿ ಬರೆದ ಪತ್ರಗಳನ್ನು ಅರ್ಜಿ ಜೊತೆ ಕೊಡಬಹುದು. ಇವರು ಒಂದು ಸಿದ್ಧ ಇಂಗ್ಲಿಷ್ ಪತ್ರ ಕಳಿಸಿ, ಹೆಸರು ಬದಲಿಸಿ ಸಹಿ ಹಾಕಿಸಿ ಅಂದರು. ನನ್ನ ಸೋದರಮಾವ ಹರಿಹರದ ಹತ್ತಿರದ ಹಳ್ಳಿಯವರು, ಏಳನೇ ಕ್ಲಾಸು ಓದಿದವರು. ಅವರ ಹೆಸರಿನಲ್ಲಿ ಪ್ರೀತಿ, ನಂಬಿಕೆ, ಬಾಂಧವ್ಯ ಅಂತ ದೊಡ್ಡ ದೊಡ್ಡ ಇಂಗ್ಲಿಷ್ ಮಾತು. ನನ್ನ ಗೆಳತಿಯ ಪತ್ರದಲ್ಲೂ ಅವೇ ಸಾಲುಗಳು. ಓದುವ ಅಧಿಕಾರಿಗೆ ಏನನ್ನಿಸಬೇಕು?

ನಾನು ಮಾವನಿಗೆ ಗೆರೆ ಹಾಳೆ ಕೊಟ್ಟು, ‘ನೀವು ಕಂಡದ್ದನ್ನ ಕನ್ನಡದಲ್ಲೇ ಬರೀರಿ ಮಾಮ’ ಅಂದೆ. ಅವರು ಬರೆದದ್ದು ಹೀಗೆ: ‘ಮಳೆಗಾಲದಲ್ಲಿ ಅಳಿಯಂದಿರು ನಮ್ಮ ಮನೆಗೆ ಬಂದಿದ್ದರು. ರಾತ್ರಿ ಕರೆಂಟ್ ಇರಲಿಲ್ಲ. ಮಂಡಕ್ಕಿ ಮಿರ್ಚಿ ಮಾಡಿದ್ದೆವು. ಅವರಿಗೆ ಖಾರ ಜಾಸ್ತಿಯಾಗಿ ಕಣ್ಣಲ್ಲಿ ನೀರು ಬಂತು. ನಮ್ಮ ಹುಡುಗಿ ಎದ್ದುಹೋಗಿ ಮಜ್ಜಿಗೆ ತಂದುಕೊಟ್ಟಳು. ಬೆಳಿಗ್ಗೆ ಇಬ್ಬರೂ ಅಡಿಕೆ ತೋಟಕ್ಕೆ ಹೋಗಿ ಕೆಸರು ಮೆತ್ತಿಕೊಂಡು ಬಂದರು.’ ಇದನ್ನು ಓದಿ ನನ್ನ ಗಂಡ ಫೋನಿನಲ್ಲಿ ಸ್ವಲ್ಪ ಹೊತ್ತು ಮಾತೇ ಆಡಲಿಲ್ಲ. ಕನ್ನಡ ಪತ್ರ ಆದರೆ ಇಂಗ್ಲಿಷ್ ಅನುವಾದ ಬೇಕು. ಎರಡೂ ಭಾಷೆ ಬಲ್ಲವರು ಅನುವಾದಿಸಿ, ಅನುವಾದ ಪೂರ್ತಿಯಾಗಿದೆ, ಸರಿಯಾಗಿದೆ, ಅನುವಾದಿಸುವಷ್ಟು ಭಾಷೆ ನನಗೆ ಬರುತ್ತದೆ ಅಂತ ಬರೆದು ಸಹಿ ಹಾಕಿದರೆ ಸಾಕು. ನಮ್ಮ ಕಾಲೇಜಿನ ಇಂಗ್ಲಿಷ್ ಮೇಡಂ ಮಾಡಿಕೊಟ್ಟರು. ಇದೇ ಕೆಲಸಕ್ಕೆ ಸೇವೆಯವರು ಪುಟಕ್ಕಿಷ್ಟು ಅಂತ ಕೇಳಿದ್ದರು.

ಇನ್ನು ಇಂಟರ್‌ವ್ಯೂ ತರಬೇತಿ. ಇದಕ್ಕೆ ಪ್ರತ್ಯೇಕ ಫೀಸು ಕಟ್ಟಬೇಕು, ಅದೂ ಕಡಿಮೆ ಏನಲ್ಲ. ವಿಡಿಯೋದಲ್ಲಿ ಬಂದ ತರಬೇತುದಾರರು ಪ್ರಶ್ನೆಗಳ ಜೊತೆ ಉತ್ತರಗಳನ್ನೂ ಕಳಿಸಿದ್ದರು, ಬಾಯಿಪಾಠ ಮಾಡಿ ಅಂತ. ಅದನ್ನಾದರೂ ಬಿಡಬಹುದಿತ್ತು. ಮನೆಯವರು ನೋಡಿ ಮಾಡಿದ ಮದುವೆ ಅನ್ನಬೇಡಿ, ಮೊದಲೇ ಪರಿಚಯವಿತ್ತು, ಪ್ರೀತಿಸಿ ಆದೆವು ಅನ್ನಿ, ಅದು ಅಧಿಕಾರಿಗಳಿಗೆ ಬೇಗ ಅರ್ಥವಾಗುತ್ತದೆ ಅಂದರು. ನನಗೆ ಮೈಯೆಲ್ಲ ಉರಿದುಹೋಯಿತು. ಅಲ್ಲಿ ಬಲಗೈ ಎತ್ತಿ ಪ್ರಮಾಣ ಮಾಡಿ ಮಾತಾಡುವುದು. ಮುಖ್ಯ ವಿಷಯದಲ್ಲಿ ಸುಳ್ಳು ಹೇಳಿದ್ದು ಸಾಬೀತಾದರೆ ಅಮೆರಿಕದ ಕಾನೂನಿನಲ್ಲಿ ಜೀವನಪೂರ್ತಿ ಪ್ರವೇಶ ನಿಷೇಧ ಬೀಳಬಹುದು. ಅಷ್ಟಲ್ಲದೆ, ನಮ್ಮ ಮದುವೆಯಲ್ಲಿ ಮುಚ್ಚಿಡುವಂಥದ್ದು ಏನಿದೆ? ದೊಡ್ಡಪ್ಪ ಜಾತಕ ತಂದರು, ಎರಡು ಮನೆಯವರು ಕೂತು ಮಾತಾಡಿದರು, ನಾವಿಬ್ಬರೂ ಫೋನಿನಲ್ಲಿ ಮಾತಾಡಿ ಒಪ್ಪಿದೆವು. ಇದು ಇದ್ದದ್ದು ಇದ್ದ ಹಾಗೆ ಹೇಳುವಂಥ ಮದುವೆ. ಉಳಿದ ತರಬೇತಿಗೆ ನಾನು ಕೂರಲಿಲ್ಲ. ದುಡ್ಡು ವಾಪಸ್ ಕೇಳಿದೆ, ಕೊಡಲಿಲ್ಲ.

ಮುಂಬೈಯ ಇಂಟರ್‌ವ್ಯೂಗೆ ನಾನು ತಯಾರಾಗಿದ್ದು ಹಾಳೆ ಓದಿಕೊಂಡು. ಮೊದಲು ಬೆರಳಚ್ಚು, ಆಮೇಲೆ ಇನ್ನೊಂದು ದಿನ ಬಾಂದ್ರಾ ಕುರ್ಲಾ ಕಾಂಪ್ಲೆಕ್ಸಿನ ಕಾನ್ಸುಲೇಟ್. ಒಳಗೆ ಫೋನ್ ಬಿಡುವುದಿಲ್ಲ, ಹಾಗಾಗಿ ಹಾಳೆಯನ್ನು ಪ್ರಿಂಟ್ ತೆಗೆದುಕೊಂಡಿದ್ದೆ. ಮದುವೆ ನೋಂದಣಿ, ಜನನ ಪ್ರಮಾಣಪತ್ರ, ಪೊಲೀಸ್ ಕ್ಲಿಯರೆನ್ಸ್ ಎಲ್ಲದರ ಮೂಲಪ್ರತಿ ಬೇಕೇ ಬೇಕು. ಕಿಟಕಿಯಾಚೆಯ ಅಧಿಕಾರಿ ಕೇಳಿದ್ದು ಸಣ್ಣ ಪ್ರಶ್ನೆಗಳು. ಸಂಬಂಧ ತಂದವರು ಯಾರು? ಗಂಡ ಏನು ಕೆಲಸ ಮಾಡುತ್ತಾರೆ? ಅವರು ಕಳೆದ ಸಲ ಬಂದಾಗ ಎಲ್ಲಿಗೆ ಹೋಗಿದ್ದಿರಿ? ನಿನ್ನೆ ಏನು ಮಾತಾಡಿದಿರಿ? ನಿನ್ನೆ ಮಾತಾಡಿದ್ದು ಕಾರಿನ ಬ್ರೇಕ್ ರಿಪೇರಿ ವಿಷಯ. ಹಾಗೇ ಹೇಳಿದೆ. ಹರಿಹರದ ತೋಟದ ವಿಷಯವನ್ನೂ ಹೇಳಿದೆ. ಅವರು ಪ್ರಿಂಟನ್ನು ಒಂದೆರಡು ಕಡೆ ತಿರುವಿ ನೋಡಿ, ವೀಸಾ ಮಂಜೂರಾಗಿದೆ ಅಂದರು.

ನನ್ನಷ್ಟೇ ಬಜೆಟ್ಟಿನವರಿಗೆ ಹೇಳುವುದಾದರೆ, ಮೂಲ ಪ್ಯಾಕೇಜ್ ಮಾತ್ರ ತಗೊಳ್ಳಿ. ತರಬೇತಿ ಬೇಡ, ಸಿದ್ಧ ಪತ್ರ ಬೇಡ, ಅನುವಾದ ಅವರಿಂದ ಬೇಡ. ಫಾರ್ಮು ತುಂಬುವ ಧೈರ್ಯ ಇದ್ದವರು ಆ ನಾಲ್ಕು ಕಾಲಮ್ಮನ್ನು ಮನೆಯಲ್ಲೇ ಹಾಕಿಕೊಂಡು ಇಂದೇ ಶುರುಮಾಡಬಹುದು.

ಒಂದು ಮುಖ್ಯ ವಿಷಯವನ್ನು ಈ ಸೇವೆಯವರು ಹೇಳಲೇ ಇಲ್ಲ. ಅಮೆರಿಕಕ್ಕೆ ಕಾಲಿಡುವ ದಿನ ಮದುವೆಯಾಗಿ ಎರಡು ವರ್ಷ ತುಂಬಿರದಿದ್ದರೆ ಸಿಗುವುದು ಸಿಆರ್-1, ಅಂದರೆ ಎರಡೇ ವರ್ಷದ ಷರತ್ತಿನ ಗ್ರೀನ್ ಕಾರ್ಡ್. ಅದು ಮುಗಿಯುವ ಮುಂಚಿನ 90 ದಿನದಲ್ಲಿ ಆ ಷರತ್ತು ತೆಗೆಸಲು ಐ-751 ಅಂತ ಇನ್ನೊಂದು ಅರ್ಜಿ, ಫೀಸು 750 ಡಾಲರ್, ಮತ್ತೆ ಎಲ್ಲ ಪುರಾವೆ. ಎರಡು ವರ್ಷ ತುಂಬಿದ್ದರೆ ಐಆರ್-1, ಹತ್ತು ವರ್ಷದ ಕಾರ್ಡು. ಹಾಳೆಯ ಮೊದಲ ಪುಟದ ಮದುವೆ ತಾರೀಖು ನೋಡಿ ನನ್ನ ಗಂಡ ಇದನ್ನು ಹಿಡಿದರು. ವೀಸಾ ಅವಧಿ ಇನ್ನೂ ಬಾಕಿ ಇತ್ತು. ಎರಡನೇ ವಾರ್ಷಿಕೋತ್ಸವ ದಾಟಿಸಿ ಟಿಕೆಟ್ ಮಾಡಿಸಿದೆವು. ಏರ್‌ಪೋರ್ಟಿನ ಅಧಿಕಾರಿಗೆ ಮದುವೆ ಪ್ರಮಾಣಪತ್ರ ತೋರಿಸಿ ಕೇಳಿದಾಗ ಐಆರ್-1 ಅಂತ ಬದಲಿಸಿಕೊಟ್ಟರು. ಸೇವೆಯವರು ಮಾತ್ರ ಈಗಲೂ ಐ-751 ಪ್ಯಾಕೇಜ್ ತಗೊಳ್ಳಿ ಅಂತ ಮೇಲ್ ಕಳಿಸುತ್ತಿದ್ದಾರೆ. ನಮಗೆ ಅದು ಬೇಕಿಲ್ಲ, ಬೇರೆಯವರಿಗಾದರೂ ಈ ಎರಡು ವರ್ಷದ ವಿಷಯ ಮೊದಲೇ ತಿಳಿಸಿ ಅಂತ ಬರೆದಿದ್ದೇನೆ. ಇನ್ನೂ ಉತ್ತರ ಬಂದಿಲ್ಲ.